ರೊಸೌರಾ ಲಾಂಚಿನ ಕುಡಿಯುವ ನೀರು

ಪುಕಾಲ್ಪಾ, 1991 ಫೆಬ್ರವರಿ 18

ನೆಲಿದಾ,

ನಿನ್ನ ಅಕ್ಕ ಸೊರಾಯ್ದಾಳ ಆಶೀರ್ವಾದ. ಅಂಚೆಗೆ ಹಾಕಿದ್ರೆ ಈ ಕಾಗದ ನಿನ್ನ ಕೈ ಸೇರೋ ಹೊತ್ತಿಗೆ ಹೊಳೆ ಇಳಿದುಹೋಗಿರತ್ತೆ. ಅದಕ್ಕೇ ಲಾರಿ ಸಬೀನೋ ಕೈಲಿ ಕಳಿಸ್ತಿದೀನಿ. ಲಿಮಾದಲ್ಲಿ ಎರಡು ದಿನ ಇರ್ತಾನಂತೆ, ಉತ್ತರ ಬರೆದು ಅವನ ಕೈಲೇ ಕೊಡು. ಊಟಕ್ಕೆ ಕರೀಬೇಡ, ದಾರಿಯುದ್ದಕ್ಕೂ ಅವನಿಗೆ ಊಟ ಹಾಕೋ ಹೆಂಗಸರಿದಾರೆ.

ವಿಷಯ ಏನಂದ್ರೆ, ನಮ್ಮ ಲಾಂಚಿಗೆ ಕುಡಿಯೋ ನೀರಿನ ಫಿಲ್ಟರು ಬೇಕು. ಸಮುದ್ರದ ಕಡೆ ಕಾಲರಾ ಬಂದಿದೆ ಅಂತ ರೇಡಿಯೋದಲ್ಲಿ ದಿನಾ ಹೇಳ್ತಿದಾರೆ. ಹೋದ ವಾರ ಬಂದರಿನ ಆಫೀಸಿನವರು ಲಾಂಚಿನವರನ್ನೆಲ್ಲ ಕರೆಸಿ, ಪ್ರಯಾಣಿಕರಿಗೆ ಒಳ್ಳೆ ನೀರು ಕೊಡದಿದ್ರೆ ಹೊರಡೋ ಚೀಟಿ ಕೊಡಲ್ಲ ಅಂದ್ರು. ನಿನ್ನ ಭಾವ ಎದ್ದು ನಿಂತು, "ನಮ್ಮಜ್ಜ ಇದೇ ಹೊಳೆ ನೀರು ಕುಡಿದು ತೊಂಬತ್ತು ವರ್ಷ ಬದುಕಿದ" ಅಂದ್ರಂತೆ. ಆಫೀಸಿನವನು, "ನಿಮ್ಮಜ್ಜನ ಜೊತೆ ಹುಟ್ಟಿದವರು ಎಷ್ಟು ಜನ? ಅವರೆಲ್ಲ ಎಷ್ಟು ವರ್ಷ ಬದುಕಿದ್ರು?" ಅಂತ ಕೇಳಿದನಂತೆ. ಅವತ್ತಿಂದ ಇವರಿಗೆ ಮೂಗಿನ ಮೇಲೇ ಸಿಟ್ಟು.

ನಮ್ಮ ನೀರಿನ ಕಥೆ ನಿನಗೆ ಗೊತ್ತಲ್ಲ. ಹಿಂದುಗಡೆಯಿಂದ ಬಕೆಟ್ ಇಳಿಬಿಟ್ಟು ಹೊಳೆ ನೀರು ಎತ್ತೋದು, ಡ್ರಮ್ಮಿಗೆ ಸುರಿದು ಪಟಿಕ ತಿರುವಿ ಕೆಸರು ಕೂರಿಸೋದು, ಸರಪಳಿಗೆ ಕಟ್ಟಿದ ಒಂದೇ ಲೋಟದಲ್ಲಿ ಎಲ್ಲರೂ ಮೊಗೆದು ಕುಡಿಯೋದು. ಜೋಲಿ ಕಟ್ಟಿಕೊಂಡು ಮಲಗೋ ಪ್ರಯಾಣಿಕರು ಅರವತ್ತು, ಮೇಲೆ ನಾವು ಕೆಲಸದವರು ಒಂಬತ್ತು. ಇಕಿಟೋಸಿಗೆ ಇಳಿಯೋಕೆ ನಾಲ್ಕು ದಿನ, ವಾಪಸ್ ಏರೋಕೆ ಆರು. ರೊಸೌರಾಗೆ ನಮ್ಮತ್ತೆ ಹೆಸರಿಟ್ಟದ್ದು ಸುಮ್ಮನೆ ಅಲ್ಲ, ನಡಿಗೆ ನಿಧಾನ, ಬಾಯಿ ಜೋರು.

ನೀನು ಫಿಲ್ಟರು, ನಲ್ಲಿ, ಪಂಪು ಮಾರೋ ಅಂಗಡೀಲೇ ಇದೀಯ. ನೀನೇ ನೋಡಿ ಆರಿಸು. ಎದಿತಾ ಚೆನ್ನಾಗಿದಾಳೆ. ಆರೂವರೆ ವರ್ಷಕ್ಕೇ ಮಾತು ನಿನ್ನಷ್ಟೇ. ನೀನು ಬರೆದದ್ದನ್ನೆಲ್ಲ ಅವಳಿಗೆ ಓದಿ ಹೇಳ್ತೀನಿ.

ಸೊರಾಯ್ದಾ


ಲಿಮಾ, ಫೆಬ್ರವರಿ 25

ಅಕ್ಕಾ,

ಸಬೀನೋನ ಊಟಕ್ಕೆ ಕರೀಲಿಲ್ಲ. ಆದ್ರೂ ಊಟ ಮಾಡಿಕೊಂಡೇ ಹೋದ.

ನಮ್ಮ ಅಂಗಡಿ ಯಜಮಾನರು ಡಾನ್ ಫಾಬ್ರಿಸಿಯೋ, ದೋಣಿಗೆ ಬೇಕು ಅಂದ ಕೂಡಲೇ ಸಮುದ್ರದ ನೀರಿನ ಉಪ್ಪು ತೆಗೆಯೋ ಮೆಷಿನ್ ತೋರಿಸಿದ್ರು. ಹೊಳೆ ಸ್ವಾಮಿ, ಸಿಹಿನೀರು ಅಂದೆ. "ಸಿಹಿಯಾದ್ರೆ ಮೆಷಿನ್ನಿಗೆ ಇನ್ನೂ ಸುಲಭ ಅಲ್ವೇನಮ್ಮಾ" ಅಂದ್ರು. ಆಮೇಲೆ ನೀಲಿ ಕೊಳವೆ ತಂದಿಟ್ರು, ಒಳಗೆ ಇದ್ದಿಲು ತುಂಬಿರತ್ತೆ. ವಾಸನೆ ಹೋಗತ್ತೆ, ರುಚಿ ಬರತ್ತೆ. ರೋಗ ಹೋಗತ್ತಾ ಅಂತ ಕೇಳಿದೆ. "ಗಿರಾಕಿಗಳೇ ಕೇಳಲ್ಲ, ನೀನ್ಯಾಕೆ ಕೇಳ್ತೀಯ" ಅಂತ ನಕ್ಕರು. ಇನ್ನೊಂದು ದೀಪದ ಕೊಳವೆ ಇದೆ, ಬೆಳಕಲ್ಲೇ ಕ್ರಿಮಿ ಸಾಯಿಸತ್ತೆ. ಅದಕ್ಕೆ ಇಡೀ ದಿನ ಕರೆಂಟು ಬೇಕು, ನೀರು ಗಾಜಿನಷ್ಟು ತಿಳಿಯಾಗಿರಬೇಕು. ನಿಮ್ಮ ಜನರೇಟರ್ ಓಡೋದು ಸಂಜೆ ಎರಡು ಗಂಟೆ ಹೊತ್ತು, ಅದೂ ಭಾವನಿಗೆ ಫುಟ್‌ಬಾಲ್ ಕೇಳೋಕೆ.

ಎಲ್ಲ ಅಳೆದು ತೂಗಿ ಕ್ಯಾಂಡಲ್ ಫಿಲ್ಟರ್ ಆರಿಸಿದೀನಿ. ಸ್ಟೀಲಿನ ಎರಡಂತಸ್ತಿನ ದೊಡ್ಡ ಪಾತ್ರೆ, ಒಳಗೆ ಬಿಳಿ ಮಣ್ಣು ಸುಟ್ಟು ಮಾಡಿದ ನಾಲ್ಕು ಕ್ಯಾಂಡಲ್. ಮೇಲೆ ಸುರಿದ ನೀರು ಅವುಗಳಲ್ಲಿ ಜಿನುಗಿ ಕೆಳಗಿಳಿಯತ್ತೆ. ಕರೆಂಟೂ ಬೇಡ, ಪಂಪೂ ಬೇಡ. ಪಟಿಕ ಹಾಕಿ ತಿಳಿಯಾದ ನೀರನ್ನೇ ಸುರಿ. ಜಿನುಗೋದು ನಿಧಾನವಾದ್ರೆ ಮೆತ್ತಗಿನ ಬ್ರಷ್‌ನಲ್ಲಿ ಉಜ್ಜು. ಕುತ್ತಿಗೆ ಹತ್ತಿರ ಬಿರುಕು ಬಿಟ್ರೆ ಎಸೆದುಬಿಡು, ಆಮೇಲೆ ಅದು ಇದ್ದೂ ಇಲ್ಲದ ಹಾಗೆ.

ಮೊದಲ ಲೋಟ ಎದಿತಾಗೆ ಕೊಡು. ಈ ವರ್ಷ ಶಾಲೆ ಶುರುವಾಗೋ ಹೊತ್ತಿಗೆ ಅವಳನ್ನ ಕರೆಸಿಕೊಳ್ತೀನಿ ಅಂದಿದ್ದೆ, ಮತ್ತೆ ಆಗಲಿಲ್ಲ. ಈಗಿರೋ ಕೋಣೇಲಿ ಇನ್ನೊಂದು ಮಂಚ ಹಾಕಿದ್ರೆ ಬಾಗಿಲು ತೆರೆಯಲ್ಲ. ಬೇರೆ ಹುಡುಕ್ತಿದೀನಿ. "ಅಮ್ಮ ಕರ್ಕೊಂಡು ಹೋಗ್ತಾಳೆ" ಅಂತ ಹೇಳಿರು. ಹೇಳ್ತೀಯಲ್ಲ?

ನೆಲಿದಾ


ಇಕಿಟೋಸ್, ಮಾರ್ಚ್ 8

ನೆಲಿದಾ,

ವಿಮಾನದಲ್ಲಿ ಲಿಮಾಕ್ಕೆ ಹೋಗೋ ಟೀಚರಮ್ಮ ಒಬ್ಬರು ಸಿಕ್ಕಿದಾರೆ, ಈ ಕಾಗದ ಅವರ ಕೈಲಿ.

ಫಿಲ್ಟರು ಒಂದು ತರಚೂ ಇಲ್ಲದೆ ಬಂತು. ನಿನ್ನ ಭಾವ ಅದಕ್ಕೆ ಅಡುಗೆಮನೆ ಪಕ್ಕ ಹಲಗೆ ಹೊಡೆದುಕೊಟ್ರು. ಬೇಡ ಬೇಡ ಅಂತ ಗೊಣಗುತ್ತಲೇ ನಾಲ್ಕು ಸಲ ಅಳತೆ ನೋಡಿದ್ರು. ಬಂದರಿನ ಆಫೀಸಿನವನು ಬಂದು ಒಂದು ಲೋಟ ಕುಡಿದು ಚೀಟಿ ಕೊಟ್ಟ. ಅಲ್ಲೀವರೆಗೆ ಚೆಂದ.

ಹೊರಟ ಮೇಲೆ ಶುರುವಾಯ್ತು ನೋಡು. ನಿನ್ನ ಕ್ಯಾಂಡಲ್ ಹನಿ ಹನಿ ಹಾಕತ್ತೆ, ಜನ ಬಿಂದಿಗೆ ಬಿಂದಿಗೆ ಕುಡೀತಾರೆ. ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ ಅರವತ್ತು ಜನ ಬೆವರಿಕೊಂಡು ಕೂತಿರುವಾಗ ಹನಿ ಯಾರಿಗೆ ಸಾಕು? ಬಾಳೆಕಾಯಿ ವ್ಯಾಪಾರದ ಡಾನ್ ಲಿಸಾರ್ದೋ, ಅದೇ, ಪ್ರತಿ ಸಲ ನಮ್ಮ ಲಾಂಚಲ್ಲೇ ಬರೋ ಮುದುಕ, ಫಿಲ್ಟರ್ ಮುಂದೆ ಲೋಟ ಹಿಡಿದು ನಿಂತು, "ಸೊರಾಯ್ದಾ, ನಮ್ಮ ಹಸು ಮುದಿಯಾದ ಮೇಲೂ ಇದಕ್ಕಿಂತ ಜಾಸ್ತಿ ಕರೀತಿತ್ತು" ಅಂದ. ಎಲ್ಲರೂ ನಕ್ಕರು. ನನಗೆ ಅಳು ಬರೋ ಹಾಗಾಯ್ತು. ಅದಕ್ಕೇ ಬೆಳಗಿನ ಜಾವದಿಂದ ಜಿನುಗಿದ್ದನ್ನೆಲ್ಲ ಡ್ರಮ್ಮಿಗೆ ತುಂಬಿಸಿಡ್ತೀನಿ, ಜನ ಮೊದಲಿನ ಹಾಗೆ ಲೋಟದಲ್ಲಿ ಮೊಗೆದುಕೊಳ್ತಾರೆ. ನೀರಿನ ಕೆಸರಿಗೆ ಎರಡೇ ದಿನಕ್ಕೆ ಕ್ಯಾಂಡಲ್ ಕಟ್ಟಿಕೊಳ್ಳತ್ತೆ. ಉಜ್ಜಿ ಉಜ್ಜಿ ನನ್ನ ಉಗುರು ಸವೀತು.

ಆ ಇದ್ದಿಲಿನ ನೀಲಿ ಕೊಳವೆ ಬೇಗ ಬೇಗ ನೀರು ಬಿಡತ್ತೆ ಅಂತ ಟೀಚರಮ್ಮ ಹೇಳಿದ್ರು. ಅದನ್ನೇ ಕಳಿಸು.

ಎದಿತಾ ಮೊದಲ ಲೋಟ ಕುಡಿದು "ಇದರಲ್ಲಿ ಹೊಳೆ ಎಲ್ಲಿ?" ಅಂತ ಕೇಳಿದ್ಲು. ಎಲ್ಲರೂ ಸೌಖ್ಯ.

ಸೊರಾಯ್ದಾ


ಲಿಮಾ, ಮಾರ್ಚ್ 20

ಅಕ್ಕಾ,

ನೀಲಿ ಕೊಳವೆ ಬೇಡ. ಅದು ಕಾಲರಾ ತಡೆಯಲ್ಲ. ಈ ಮಾತನ್ನ ಯಾರಾದ್ರೂ ಬೇರೆ ಥರ ಹೇಳಿದ್ರೆ ನಂಬಬೇಡ, ಅಂಗಡಿಯವರು ಹೇಳಿದ್ರಂತೂ ನಂಬಲೇಬೇಡ.

ಕ್ಯಾಂಡಲ್ ನೀರೂ ಹಾಗೇ ಕೊಡಬೇಡ. ಫಿಲ್ಟರಿಂದ ಇಳಿದ ಮೇಲೆ ಕುದಿಸು. ಅಷ್ಟು ಸೌದೆ ಇಲ್ಲ ಅಂದ್ರೆ ಬಟ್ಟೆಗೆ ಹಾಕೋ ಕ್ಲೋರಿನ್ ದ್ರಾವಣ, ಬಣ್ಣ ವಾಸನೆ ಸೇರಿಸದ್ದು, ಲೀಟರಿಗೆ ಎರಡು ಹನಿ ಹಾಕಿ ಅರ್ಧ ಗಂಟೆ ಬಿಡು. ಜನ ಮುಖ ಸಿಂಡರಿಸ್ತಾರೆ, ಸಿಂಡರಿಸಲಿ.

ಎಲ್ಲಕ್ಕಿಂತ ಮೊದಲು ಆ ಸರಪಳಿ ಲೋಟ ಕಿತ್ತು ಹೊಳೆಗೆ ಎಸಿ. ಡ್ರಮ್ಮಿಗೆ ಮುಚ್ಚಳ ಹಾಕಿಸಿ, ಕೆಳಗೆ ನಲ್ಲಿ ಕೂರಿಸು. ನೀರು ಎಷ್ಟೇ ಶುದ್ಧವಾಗಿದ್ರೂ ಒಂದು ಕೈ ಮುಳುಗಿದ್ರೆ ಸಾಕು, ಎಲ್ಲ ಹೋಯ್ತು. ಭಾವನಿಗೆ ಇವತ್ತೇ ಹೇಳು. ಅವರು ಅಜ್ಜನ ಕಥೆ ತೆಗೆದ್ರೆ ಕೇಳಿಸ್ಕೋಬೇಡ.

ಎದಿತಾಗೆ ಕುದಿಸಿದ್ದನ್ನೇ ಕೊಡು. ಬೇರೆ ಏನೂ ಕೊಡಬೇಡ. ನನಗೆ ಹೇಗೆ ಗೊತ್ತು ಅಂತ ಕೇಳಬೇಡ, ಮಾಡು.

ನಾಳೆ ಬೆಳಿಗ್ಗೆ ಸಬೀನೋ ಹೊರಡ್ತಾನೆ. ನಾಲ್ಕು ದಿನಕ್ಕೆ ನಿನ್ನ ಕೈಲಿರತ್ತೆ.

ನೆಲಿದಾ


ಲಿಮಾ, ಮಾರ್ಚ್ 31

ಅಕ್ಕಾ,

ಬೆಟ್ಟದ ದಾರೀಲಿ ಗುಡ್ಡ ಕುಸಿದು ಲಾರಿಗಳೆಲ್ಲ ಸಾಲಾಗಿ ನಿಂತಿವೆಯಂತೆ. ಸಬೀನೋನೂ ಅಲ್ಲೇ ಸಿಕ್ಕಿಕೊಂಡಿದಾನಂತೆ. ಅಂದ್ರೆ ನನ್ನ ಹಿಂದಿನ ಕಾಗದ ಅವನ ಜೇಬಲ್ಲೇ ಇದೆ. ಇದನ್ನ ಅಂಚೆಗೆ ಹಾಕ್ತಿದೀನಿ, ಯಾವ ದಾರೀಲಿ ಹೋಗತ್ತೋ ಗೊತ್ತಿಲ್ಲ.

ಲೋಟ ತೆಗಿ. ನೀರು ಕುದಿಸು. ಕೈಗೆ ಸೋಪು ಹಾಕು. ಬೇರೇನೂ ಬರೆಯೋಕೆ ಮನಸ್ಸಿಲ್ಲ. ಇವತ್ತು ಈಸ್ಟರು, ಚರ್ಚಿನ ಹತ್ತಿರ ಹೋದೆ, ಒಳಗೆ ಕೂರೋಕಾಗದೆ ಎದ್ದು ಬಂದೆ. ಭಾವ ಫಿಲ್ಟರ್ ನೀರಿಗೆ ಮೂಗು ಮುರಿದು ಎದಿತಾಗೂ ಹೊಳೆ ನೀರೇ ಕುಡಿಸ್ತಿದಾರೇನೋ ಅಂತ ಹತ್ತು ಸಲ ಯೋಚನೆ ಬರತ್ತೆ. ಆ ಮನುಷ್ಯನಿಗೆ ಬೇರೆಯವರ ಪ್ರಾಣ ಅಂದ್ರೆ ಸರಕಿನ ಮೂಟೆ.

ಒಂದು ಸಾಲು ಬರಿ. "ಚೆನ್ನಾಗಿದಾಳೆ" ಅಂತ ಬರೆದ್ರೂ ಸಾಕು.

ನೆಲಿದಾ


ಇಕಿಟೋಸ್, ಏಪ್ರಿಲ್ 12

ನೆಲಿದಾ,

ನಿನ್ನ ಕಾಗದ ಬಂದು ಬಹಳ ದಿನವಾಯ್ತು. ಗುಡ್ಡ ಕುಸಿದ ಸುದ್ದಿ ಇಲ್ಲೂ ಬಂತು. ನಾವು ಈ ಸಲ ಇಕಿಟೋಸಿಗೆ ಬರೋಕೆ ಹನ್ನೆರಡು ದಿನ ಹಿಡೀತು, ಎಂಜಿನ್ ಕೈಕೊಟ್ಟಿತ್ತು. ಈಗ ಸರಿಯಾಗಿದೆ.

ಇಲ್ಲಿ ಮೀನು ಅಗ್ಗವಾಗಿದೆ. ಕಾಲರಾ ಹೆದರಿಕೆಗೆ ಯಾರೂ ಕೊಳ್ತಿಲ್ಲ. ಡ್ರಮ್ಮಿಗೆ ಮುಚ್ಚಳ ಹಾಕಿಸಿ ನಲ್ಲಿ ಕೂರಿಸಿದೀವಿ, ಲೋಟದ ಸರಪಳಿ ಬಿಚ್ಚಿಹಾಕಿದೀವಿ. ನಿನ್ನ ಭಾವನೇ ಕೂತು ಮಾಡಿದ್ರು. ಕ್ಯಾಂಡಲ್ ಒಂದು ಒಡೆದಿದೆ, ಸಿಕ್ಕಿದ್ರೆ ಇನ್ನೆರಡು ಕಳಿಸು.

ಎದಿತಾ ಸ್ವಲ್ಪ ಸೊರಗಿದಾಳೆ. ಮುಂದಿನ ಹಲ್ಲು ಬಿದ್ದು ಹೊಸದು ಬರ್ತಿದೆ, ಅದಕ್ಕೆ ಊಟ ಸೇರ್ತಿಲ್ಲ.

ಇನ್ನೊಂದು ಮಾತು. ಕಾಲರಾ ಬಂದು ಹೋದವರಿಗೆ ಎಷ್ಟು ದಿನಕ್ಕೆ ಮೈಗೆ ಶಕ್ತಿ ಬರತ್ತೆ, ಏನು ತಿನ್ನಿಸಬೇಕು ಅಂತ ಲಿಮಾದಲ್ಲಿ ಯಾರನ್ನಾದ್ರೂ ಕೇಳಿ ಬರಿ. ಲಾಂಚಿನ ಪ್ರಯಾಣಿಕರೊಬ್ಬರು ಕೇಳ್ತಿದ್ರು.

ಸೊರಾಯ್ದಾ


ಪುಕಾಲ್ಪಾ, ಏಪ್ರಿಲ್ 22

ನೆಲಿದಾ,

ನಿನ್ನೆ ದಡ ಸೇರಿದ ಕೂಡಲೇ ನಿನ್ನ ಎರಡೂ ಕಾಗದ ಒಟ್ಟಿಗೆ ಸಿಕ್ಕವು. ಮಾರ್ಚ್ 20ಕ್ಕೆ ಬರೆದದ್ದನ್ನ ನಾನು ಏಪ್ರಿಲ್ 21ಕ್ಕೆ ಓದ್ತಿದೀನಿ. ನಿಂತಲ್ಲೇ ಓದಿ, ಮೂಟೆ ಮೇಲೆ ಕೂತುಬಿಟ್ಟೆ.

ಫೆಬ್ರವರೀಲಿ ಈ ಫಿಲ್ಟರೇ ಸರಿ ಅಂದವಳು ನೀನು. ಮಾರ್ಚಲ್ಲಿ ಅದು ಸಾಲದು ಅನ್ನೋಳೂ ನೀನೇ. ಮೊದಲೇ ಗೊತ್ತಿರಲಿಲ್ವಾ? ಗೊತ್ತಿದ್ರೆ ಯಾಕೆ ಬರೀಲಿಲ್ಲ? ಗೊತ್ತಿಲ್ಲದಿದ್ರೆ ಇಪ್ಪತ್ತು ದಿನದಲ್ಲಿ ಯಾವ ಡಾಕ್ಟರಾದೆ? ಇದನ್ನ ಮಾಡು, ಅದನ್ನ ಎಸಿ, ಕೇಳಬೇಡ. ಮೂರೂವರೆ ವರ್ಷದಿಂದ ಈ ಲಾಂಚಿನ ಮೇಲೆ ಕಾಲಿಟ್ಟಿಲ್ಲ, ಹುಕುಂ ಮಾತ್ರ ಲಿಮಾದಿಂದ ಬರತ್ತೆ.

ಇನ್ನು ನಿನ್ನ ಭಾವನ ವಿಷಯ. ಸರಕಿನ ಮೂಟೆ ಅಂದ್ಯಲ್ಲ, ಆ ಮಾತು ಇನ್ನೊಂದು ಸಲ ಬರೆದ್ರೆ ನಿನ್ನ ಕಾಗದ ತೆರೆಯಲ್ಲ. ಅವರು ಏನು ಮಾಡಿದಾರೆ ಅಂತ ನಿನಗೆ ಗೊತ್ತಿಲ್ಲ. ಗೊತ್ತಾಗೋದೂ ಬೇಡ.

ನಾಡಿದ್ದು ಮತ್ತೆ ಹೊರಡ್ತೀವಿ. ನೀರು ಕುದಿಸ್ತಿದೀನಿ.

ಸೊರಾಯ್ದಾ


ಲಿಮಾ, ಏಪ್ರಿಲ್ 28

ಅಕ್ಕಾ,

ಯಾವ ಡಾಕ್ಟರಾದೆ ಅಂತ ಕೇಳಿದ್ಯಲ್ಲ, ಹೇಳ್ತೀನಿ.

ಮಾರ್ಚ್ ಮೊದಲನೇ ವಾರ ಅಂಗಡಿಗೆ ಒಬ್ಬಳು ಹೆಂಗಸು ಬಂದ್ಲು, ಬೆನ್ನಿಗೆ ಕೂಸು ಕಟ್ಟಿಕೊಂಡಿದ್ಲು. ಡಾನ್ ಫಾಬ್ರಿಸಿಯೋ ಅವಳಿಗೆ ಆ ನೀಲಿ ಕೊಳವೆ ಕೊಟ್ಟು, "ಇದಿದ್ರೆ ಕಾಲರಾ ನಿನ್ನ ಬಾಗಿಲಿಗೂ ಬರಲ್ಲ" ಅಂದ್ರು. ನಾನು ಪಕ್ಕದಲ್ಲೇ ಇದ್ದೆ. "ಅಮ್ಮಾ, ಇದು ವಾಸನೆಗೆ ಮಾತ್ರ, ನೀರು ಕುದಿಸಿಯೇ ಕುಡಿಸು" ಅಂದೆ. ಅವಳು ಕೊಳವೆ ಅಲ್ಲೇ ಇಟ್ಟು ಹೋದ್ಲು. ಸಂಜೆಗೆ ನನ್ನ ಕೆಲಸ ಹೋಯ್ತು.

ಒಂದು ವಾರ ತಿರುಗಿದೆ. ಎಲ್ಲೂ ಸಿಗಲಿಲ್ಲ. ಆಸ್ಪತ್ರೇಲಿ ಕಾಲರಾ ವಾರ್ಡ್ ತೊಳೆಯೋಕೆ ಜನ ಸಾಲ್ತಿಲ್ಲ ಅಂತ ಗೊತ್ತಾಗಿ ಹೋದೆ, ಅವತ್ತೇ ಬಕೆಟ್ ಕೊಟ್ರು. ನಿನಗೆ ಬರೆದ ಕೊನೆಯ ಎರಡೂ ಕಾಗದ ಅಲ್ಲಿಂದ ಬಂದು ಬರೆದದ್ದು. ಅಂಗಡೀಲಿದ್ದಾಗ ನನಗೆ ಗೊತ್ತಿದ್ದದ್ದು ಡಬ್ಬದ ಮೇಲೆ ಬರೆದದ್ದಷ್ಟೇ. ಇಲ್ಲಿ ಬಂದವರನ್ನ ನರ್ಸ್ ಒಬ್ಬರು ಒಂದೊಂದಾಗಿ ಕೇಳ್ತಾರೆ, ನೀರು ಎಲ್ಲಿಂದ, ಯಾವುದರಲ್ಲಿ ಇಟ್ಟಿದ್ರಿ, ಹೇಗೆ ತೆಗೀತಿದ್ರಿ. ಮನೇಲಿ ಫಿಲ್ಟರ್ ಇದ್ದವರೂ ಬಂದಿದಾರೆ. ನಾನು ನೆಲ ಒರೆಸ್ತಾ ಕೇಳಿಸ್ಕೊಳ್ತೀನಿ.

ನಿನಗೆ ಹೇಳಲಿಲ್ಲ. ಕಾಲರಾ ವಾರ್ಡಿನವಳ ಕೋಣೆಗೆ ಮಗು ಕಳಿಸಲ್ಲ ಅಂತ ನೀನು ಹೇಳಿಬಿಟ್ರೆ ಅನ್ನೋ ಭಯ. ಅದೊಂದೇ ಕಾರಣ.

ಈಗ ನೀನು ಹೇಳು. ಪ್ರಯಾಣಿಕರೊಬ್ಬರು ಕೇಳ್ತಿದ್ರು ಅಂತ ಬರೆದೆ. ಪ್ರಯಾಣಿಕ ಅವನ ಊರು ಬಂದಾಗ ಇಳಿದು ಹೋಗ್ತಾನೆ ಅಕ್ಕಾ. ಎಷ್ಟು ದಿನಕ್ಕೆ ಶಕ್ತಿ ಬರತ್ತೆ, ಏನು ತಿನ್ನಿಸಬೇಕು ಅಂತ ಕೇಳೋದು ಮನೆಯವರು. ವಾರ್ಡಿನ ಬಾಗಿಲಲ್ಲಿ ದಿನಾ ಅದೇ ಮಾತು ಕೇಳ್ತೀನಿ. ಎಂಜಿನ್ ಕೆಟ್ಟಿತ್ತು ಅಂದೆ. ಭಾವ ಎಂಜಿನ್ ಕೆಟ್ರೆ ಎಂಟು ದಿನ ನಿಲ್ಲೋರಲ್ಲ, ಹಗ್ಗ ಕಟ್ಟಿ ಎಳೆಸಿಕೊಂಡಾದ್ರೂ ಹೋಗೋರು. ನನ್ನ ಕಾಗದ ಬರೋ ಮೊದಲೇ ಲೋಟ ತೆಗೆದು ನಲ್ಲಿ ಕೂರಿಸಿದ್ಯಲ್ಲ, ಯಾರು ಹೇಳಿದ್ರು?

ಯಾರಿಗೆ ಬಂದಿತ್ತು? ಹೆಸರು ಬರಿ.

ನೆಲಿದಾ


ಪುಕಾಲ್ಪಾ, ಮೇ 8

ನೆಲಿದಾ,

ಎದಿತಾಗೆ. ಬದುಕಿದಾಳೆ. ನಾನು ಇದನ್ನ ಬರೆಯುವಾಗ ಎದುರಿಗೆ ಕೂತು ಬಾಳೆಹಣ್ಣು ತಿಂತಿದಾಳೆ. ಇದನ್ನ ಮೊದಲು ಓದಿಕೊಂಡು ಆಮೇಲೆ ಉಳಿದದ್ದು ಓದು.

ಮಾರ್ಚ್ 30ಕ್ಕೆ ಹೊರಟ್ವಿ. ಈಸ್ಟರ್ ರಜೆಯ ಜನ, ಅರವತ್ತರ ಜಾಗದಲ್ಲಿ ತೊಂಬತ್ತು. ಬೆಳಿಗ್ಗೆ ಕ್ಯಾಂಡಲ್ ಉಜ್ಜುವಾಗ ಒಂದರ ಕುತ್ತಿಗೇಲಿ ಕೂದಲೆಳೆಯಷ್ಟು ಗೆರೆ ಕಂಡೆ. ಬಿರುಕು ಅಂತ ಮನಸ್ಸು ಹೇಳ್ತು. ಅಲ್ಲ, ಕೆಸರಿನ ಗೆರೆ ಅಂತ ನಾನೇ ಹೇಳಿಕೊಂಡೆ. ಜನ ಆಗಲೇ ಲೋಟ ಹಿಡಿದು ನಿಂತಿದ್ರು. ವಾಪಸ್ ತಿರುಪಿ ಕೂರಿಸಿದೆ.

ಕೊಂತಮಾನಾ ಊರು ದಾಟಿ ಮಾರನೇ ದಿನ ಬೆಳಿಗ್ಗೆ ಡಾನ್ ಲಿಸಾರ್ದೋ ಜೋಲಿಯಿಂದ ಏಳಲಿಲ್ಲ. ಆಮೇಲೆ ಒಬ್ಬಳು ಬಸುರಿ. ಆಮೇಲೆ ಎದಿತಾ. ನೀನು ದಿನಾ ನೋಡ್ತೀಯ, ನಾನು ಏನು ಬರೀಲಿ. ಒಂದು ಗಂಟೇಲಿ ಮಗೂನ ಕಣ್ಣು ಒಳಗೆ ಹೋಗಿತ್ತು, ಬೆರಳು ಬಟ್ಟೆ ಒಗೆಯೋ ಮುದುಕಿ ಬೆರಳ ಹಾಗೆ ಸುಕ್ಕಾಗಿತ್ತು.

ನಿನ್ನ ಭಾವ ಬಂದು ಅವಳನ್ನ ಒಂದು ಸಲ ನೋಡಿದ್ರು. ಹೋಗಿ ಲಾಂಚು ತಿರುಗಿಸಿದ್ರು. ಕೊಂತಮಾನಾಕ್ಕೆ ವಾಪಸ್, ತುಂಬಿದ ಹೊಳೆಗೆ ಎದುರಾಗಿ ಏಳು ಗಂಟೆ ದಾರಿ. ಜನ ಬೈದ್ರು. ಮರದ ವ್ಯಾಪಾರಿಯೊಬ್ಬ ಚುಕ್ಕಾಣಿ ಹತ್ತಿರ ಹೋಗಿ, "ನಿನ್ನ ಮನೆ ಮಗು ಅಂತ ತೊಂಬತ್ತು ಜನರ ದಾರಿ ತಿರುಗಿಸ್ತೀಯಾ?" ಅಂದ.

"ಈಜು ಬರತ್ತಾ ನಿನಗೆ?" ಅಂದ್ರು ಇವರು.

"ಬರತ್ತೆ."

"ಹಾಗಾದ್ರೆ ಇಕಿಟೋಸ್ ಆ ಕಡೆ ಇದೆ."

ಕೊಂತಮಾನಾದ ಆಸ್ಪತ್ರೇಲಿ ಎರಡೇ ಬಾಟಲಿ ಗ್ಲೂಕೋಸ್ ಉಳಿದಿತ್ತು. ಬಾಯಲ್ಲಿ ಕುಡಿಯೋಕೆ ಆಗೋರಿಗೆ ಚಮಚ, ಆಗದವರಿಗೆ ಬಾಟಲಿ ಅಂದ್ರು ನರ್ಸು. ನಾನು ಜಗಳಕ್ಕೆ ನಿಂತೆ. ಬಾಟಲಿ ಮಗೂಗೇ ಬೇಕು ಅಂತ ಕಿರುಚಿದೆ. ನಿನ್ನ ಭಾವ ನನ್ನ ರಟ್ಟೆ ಹಿಡಿದು ಈಚೆ ತಂದ್ರು. "ಅವಳು ನುಂಗ್ತಿದಾಳೆ. ಆ ಬಸುರಿ ನುಂಗ್ತಿಲ್ಲ, ಮುದುಕನೂ ನುಂಗ್ತಿಲ್ಲ" ಅಂದ್ರು. ಆಮೇಲೆ ಕೂತವರು ಕೂತೇ ಇದ್ರು, ಮಾರನೇ ದಿನ ಮಧ್ಯಾಹ್ನದವರೆಗೆ. ಉಪ್ಪು ಸಕ್ಕರೆ ನೀರು, ಒಂದೊಂದೇ ಚಮಚ. ಮಗು ಅವರ ಅಂಗಿ ಮೇಲೆಲ್ಲ ವಾಂತಿ ಮಾಡೋಳು. ಹತ್ತು ನಿಮಿಷ ಬಿಟ್ಟು ಮತ್ತೆ ಚಮಚ ಹಿಡಿಯೋರು. ನಾನು ಎರಡು ಸಲ ಕೇಳಿದ್ರೂ ಚಮಚ ಕೊಡಲಿಲ್ಲ.

ಬಸುರಿ ಉಳಿದ್ಲು. ಡಾನ್ ಲಿಸಾರ್ದೋ ಹೋದ. ಅವನ ಹೆಂಡತಿ ಹತ್ತಿರ ಹೋಗಿದ್ದೆ. ಬಿರುಕಿನ ವಿಷಯ ಹೇಳಿಬಿಟ್ಟೆ. ಆಕೆ "ಅವನು ಹೊಳೆಯಿಂದ ಕೈಯಲ್ಲೇ ಮೊಗೆದು ಕುಡಿಯೋನು, ನಿನ್ನ ಫಿಲ್ಟರಿಗೆ ಕಾಯೋನಲ್ಲ" ಅಂದ್ಲು. ಅದು ನಿಜವೋ, ನನಗೆ ಸಮಾಧಾನಕ್ಕೆ ಅಂದದ್ದೋ ಗೊತ್ತಿಲ್ಲ. ಬಿರುಕೋ, ಲೋಟವೋ, ಯಾರ ಕೈಯೋ, ಯಾರೂ ಹೇಳೋಕಾಗಲ್ಲ ಅಂದ್ರು ನರ್ಸು. ಗೆರೆ ನೋಡಿದವಳು ನಾನು. ನನಗೆ ನಿದ್ದೆ ಬರ್ತಿಲ್ಲ.

ನಿನ್ನ ಭಾವ ಮೊದಲ ದಿನವೇ "ನೆಲಿದಾಗೆ ಬರಿ" ಅಂದ್ರು. ನಾನು ಬರೀಲಿಲ್ಲ. ಬರೆದ್ರೆ ನೀನು ಬಂದು ಮಗೂನ ಕರ್ಕೊಂಡು ಹೋಗ್ತೀಯ ಅಂತ.

ಇನ್ನೂ ಒಂದಿದೆ. ಅವಳು ನನ್ನನ್ನ ಅಮ್ಮ ಅಂತಾಳೆ. ಈಗಲ್ಲ, ಎರಡು ವರ್ಷದಿಂದ. ನಾನು ಹೇಳಿಕೊಟ್ಟದ್ದಲ್ಲ, ಆದ್ರೆ ತಿದ್ದಲೂ ಇಲ್ಲ. ನಿನ್ನ ಕಾಗದಗಳನ್ನ "ಲಿಮಾದ ಚಿಕ್ಕಮ್ಮ ಬರೆದಿದಾಳೆ" ಅಂತ ಓದಿ ಹೇಳ್ತಿದ್ದೆ. ಆಸ್ಪತ್ರೇಲಿ ಅವಳು ಕಣ್ಣು ಮುಚ್ಚಿಕೊಂಡು "ಅಮ್ಮಾ, ಅಮ್ಮಾ" ಅಂತಿದ್ಲು. ಪ್ರತಿ ಸಲವೂ ಓಗೊಟ್ಟೆ. ಆಗ ಮೊದಲನೇ ಸಲ ನಾಚಿಕೆಯಾಯ್ತು.

ಬೈಯೋದಿದ್ರೆ ಬೈದುಬಿಡು.

ಸೊರಾಯ್ದಾ


ಲಿಮಾ, ಮೇ 14

ಅಕ್ಕಾ,

ನಿನ್ನ ಕಾಗದ ಓದಿ, ಮಡಚಿ ಜೇಬಲ್ಲಿಟ್ಟುಕೊಂಡು ವಾರ್ಡಿಗೆ ಹೋದೆ. ಹನ್ನೊಂದು ಮಂಚ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ. ಆ ನರ್ಸು ಬಂದು ಬ್ರಷ್ ಕಿತ್ತುಕೊಂಡು ಮನೆಗೆ ಕಳಿಸಿದ್ರು.

ಬಿರುಕಿನ ವಿಷಯಕ್ಕೆ ನನಗೆ ಸಿಟ್ಟಿಲ್ಲ. ಜನ ಸಾಲಲ್ಲಿ ನಿಂತಿರುವಾಗ ನಾನೂ ಹಾಗೇ ಕೂರಿಸ್ತಿದ್ದೆ. ಅಮ್ಮ ಅನ್ನೋ ವಿಷಯಕ್ಕೆ ಸಿಟ್ಟಿದೆ. ಸುಳ್ಳು ಹೇಳಲ್ಲ, ಬಹಳ ಇದೆ. ಎರಡು ದಿನ ಕೋಣೆಯಲ್ಲಿ ಅತ್ತಿಂದಿತ್ತ ನಡೆದೆ, ನಾಲ್ಕು ಹೆಜ್ಜೆ ಆ ಕಡೆ, ನಾಲ್ಕು ಹೆಜ್ಜೆ ಈ ಕಡೆ. ನಿನಗೆ ಬೈಗುಳ ಬರೆದು ಹರಿದೆ. ಆಮೇಲೆ ಲೆಕ್ಕ ಹಾಕಿದೆ, ಅವಳು ಈಜು ಕಲಿತದ್ದು, ಹಲ್ಲು ಬಿದ್ದದ್ದು, ಸಾಯೋಕೆ ಹೋಗಿ ವಾಪಸ್ ಬಂದದ್ದು, ಯಾವುದಕ್ಕೂ ನಾನಿರಲಿಲ್ಲ. ದೊಡ್ಡ ಕೋಣೆ ಸಿಗಲಿ, ಸಿಗಲಿ ಅಂತ ಮೂರೂವರೆ ವರ್ಷ ಕಳೆದೆ. ಬರೀ ನೋಡಿಕೊಂಡು ಹೋಗೋಕೆ ಕೋಣೆ ಯಾಕೆ ಬೇಕಿತ್ತು? ಬಂದ್ರೆ ಬಿಟ್ಟು ಹೋಗೋಕಾಗಲ್ಲ ಅಂತ ಬರಲಿಲ್ಲ. ನಿನಗೂ ನನಗೂ ಒಂದೇ ರೋಗ.

ಭಾವನ ಬಗ್ಗೆ ಬರೆದದ್ದಕ್ಕೆ ತಪ್ಪಾಯ್ತು ಅಂತ ಹೇಳು. ಬೇಡ, ನಾನೇ ಹೇಳ್ತೀನಿ.

ಬರ್ತಿದೀನಿ. ಕೆಲಸದಿಂದ ಒಂದು ತಿಂಗಳು ರಜೆ ಕೇಳಿದೆ, ಕೊಟ್ರು. 26ಕ್ಕೆ ಸಬೀನೋ ಲಾರೀಲಿ ಹೊರಡ್ತೀನಿ. ದೊಡ್ಡ ಫಿಲ್ಟರ್ ಏನೂ ತರ್ತಿಲ್ಲ. ಇಷ್ಟು ದಿನ ಯಾವ ಫಿಲ್ಟರ್ ಅಂತ ತಲೆ ಕೆಡಿಸಿಕೊಂಡ್ವಿ. ನೀರಿನ ಹತ್ತಿರ ಒಬ್ಬರು ದಿನವಿಡೀ ನಿಂತಿರಬೇಕು, ಅಷ್ಟೇ. ಕ್ಯಾಂಡಲ್ ನೋಡೋಕೆ, ಕ್ಲೋರಿನ್ ಹನಿ ಎಣಿಸೋಕೆ, ಕೈ ಹಾಕೋರಿಗೆ ಬೈಯೋಕೆ. ಅಡುಗೆಯ ಜೊತೆ ಅದನ್ನೂ ನೀನೇ ಮಾಡೋದು ಆಗದ ಮಾತು. ಈ ಒಂದು ತಿಂಗಳು ನಾನು ನಿಲ್ತೀನಿ. ಹೊಸ ಕ್ಯಾಂಡಲ್ ಆರು ಇವೆ, ಬಟ್ಟೆ ನಡುವೆ ಸುತ್ತಿ ತರ್ತೀನಿ.

ಬಂದ ಕೂಡಲೇ ಅವಳನ್ನ ಎತ್ತಿಕೊಂಡು ಓಡಿಹೋಗಲ್ಲ. ಆಮೇಲೆ ಎಲ್ಲಿರಬೇಕು ಅನ್ನೋದನ್ನ ಭಾವನೂ ಸೇರಿ ಕೂತು ಮಾತಾಡೋಣ. ಆದ್ರೆ ನಾನು ಯಾರು ಅಂತ ನಾನು ಬರೋ ಮೊದಲೇ ಅವಳಿಗೆ ಹೇಳು. ನೀನೇ ಹೇಳು.

ನೆಲಿದಾ


ಪುಕಾಲ್ಪಾ, ಮೇ 21

ನೆಲಿದಾ,

ಸಬೀನೋ ಇವತ್ತೇ ಹೊರಡ್ತಿದಾನೆ. ಅವನ ಲಾರಿ ಹತ್ತೋ ಮೊದಲು ನೀನು ಇದನ್ನ ಓದ್ತೀಯ. ಇಕಿಟೋಸಿಗೆ ಸರಕು ತುಂಬಿ ಕೂತಿದೆ, ವ್ಯಾಪಾರಿಗಳು ದಿನಾ ಬಂದು ಕೂಗಾಡ್ತಾರೆ. ನಿನ್ನ ಭಾವ, "ನೀರು ನೋಡಿಕೊಳ್ಳೋರು ಲಿಮಾದಿಂದ ಬರಬೇಕು, ಅಲ್ಲೀವರೆಗೆ ಹೊರಡಲ್ಲ" ಅಂತ ಹೇಳಿ ಕಳಿಸ್ತಿದಾರೆ.

ಎದಿತಾಗೆ ಹೇಳಿದೆ. ಮೊನ್ನೆ ಬೆಳಿಗ್ಗೆ ತಲೆ ಬಾಚುವಾಗ ಹೇಳಿದೆ, ಮುಖ ಕಾಣಲ್ಲ ಅಂತ. ಕೂದಲು ಹಾಗೇ ಬಿಡಿಸಿಕೊಂಡು ಈ ಕಡೆ ತಿರುಗಿದ್ಲು. "ಹಾಗಾದ್ರೆ ನೀನ್ಯಾರು?" ಅಂದ್ಲು. ಹಗ್ಗ ಹೆಣೆಯುತ್ತಾ ಕೂತಿದ್ದ ನಿನ್ನ ಭಾವ, "ಅವಳು ದೊಡ್ಡಮ್ಮ. ಅಮ್ಮ ಅನ್ನೋದು ಅದರಲ್ಲೂ ಇದೆಯಲ್ಲ" ಅಂದ್ರು. ಎದಿತಾ ಬಾಚಣಿಗೆ ಕಿತ್ತುಕೊಂಡು ಹೊರಗೆ ಹೋದ್ಲು. ಆಮೇಲೆ ಇಡೀ ದಿನ ನನ್ನ ಹತ್ತಿರ ಬರಲಿಲ್ಲ. ಸಂಜೆ ಬಂದು ಮೀನಿನ ಮುಳ್ಳು ತೆಗೆದುಕೊಡು ಅಂದ್ಲು. ತೆಗೆದುಕೊಟ್ಟೆ. ಇನ್ನೂ ಏನಂತಲೂ ಕರೆದಿಲ್ಲ, ನಾನೂ ಕೇಳಿಲ್ಲ.

ನಿನ್ನೆ, ಲಿಮಾದಿಂದ ಬರೋ ಅವರು ಎಲ್ಲಿ ಮಲಗ್ತಾರೆ ಅಂತ ಕೇಳಿದ್ಲು. ನೀನೇ ಹೇಳು ಅಂದೆ. ನನ್ನ ಜೋಲಿ, ತನ್ನ ಜೋಲಿ ನಡುವೆ ಬಂದು ನಿಂತು ಕೈ ಚಾಚಿ, "ಇಲ್ಲಿ ಹಿಡಿಯತ್ತೆ" ಅಂದ್ಲು. ಹಿಡಿಯಲ್ಲ. ಮೂರು ಸಲ ಅಳತೆ ನೋಡಿದೆ. ಆ ಎರಡು ಕೊಕ್ಕೆ ನಡುವೆ ಮಗು ಮಲಗಬಹುದು, ದೊಡ್ಡವರಿಗೆ ಆಗಲ್ಲ.

ಎಂಜಿನ್ ಕಡೆ ಒಂದು ಜೊತೆ ಕೊಕ್ಕೆ ಖಾಲಿ ಇದೆ. ಸದ್ದು ಜಾಸ್ತಿ, ಎಣ್ಣೆ ವಾಸನೆ, ಅದಕ್ಕೇ ಯಾರೂ ಕಟ್ಟಲ್ಲ. ಇವತ್ತು ಬೆಳಿಗ್ಗೆ ಎದಿತಾ ಪಕ್ಕದಲ್ಲಿದ್ದ ನನ್ನ ಜೋಲಿ ಬಿಚ್ಚಿ ಅಲ್ಲಿಗೆ ಕಟ್ಟಿದೆ.

ಸೊರಾಯ್ದಾ